ಬಾಲದ ಮೇಲೆ ಹೆಸರಿದ್ದ ಮಾತ್ರಕ್ಕೆ ವಿಮಾನ ಕಂಪನಿಯದ್ದಲ್ಲ

ಜೆಟ್ ಏರ್‌ವೇಸ್ ಷೇರು ಇಟ್ಟುಕೊಂಡವರು ಇವತ್ತಿಗೂ ಕೇಳುವ ಪ್ರಶ್ನೆ ಒಂದೇ: "ನೂರಿಪ್ಪತ್ತು ವಿಮಾನ ಇದ್ದ ಕಂಪನಿ ಸಾರ್, ಮಾರಿದರೆ ನಮಗೂ ಸ್ವಲ್ಪ ಬರಲ್ವಾ?" ಬರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ.

1993ರಲ್ಲಿ ಹಾರಲು ಶುರುಮಾಡಿದ ಜೆಟ್, ಹತ್ತೇ ವರ್ಷದಲ್ಲಿ ದೇಶದೊಳಗಿನ ಹಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. 2005ರಲ್ಲಿ ಷೇರೊಂದಕ್ಕೆ 1,100 ರೂಪಾಯಿಯಂತೆ ಜನರಿಗೆ ಮಾರಿತು. 2007ರಲ್ಲಿ 1,450 ಕೋಟಿ ಕೊಟ್ಟು ಏರ್ ಸಹಾರಾ ಕೊಂಡಿತು. ಆ ಭಾರ ಕೊನೆವರೆಗೂ ಇಳಿಯಲಿಲ್ಲ. 2012ರಲ್ಲಿ ಇಂಡಿಗೊ ಮುಂದೆ ಹೋಯಿತು. 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಹೊರಟದ್ದೇ ಕೊನೆಯ ವಿಮಾನ.

ಆ ನೂರಿಪ್ಪತ್ತರಲ್ಲಿ ಹೆಚ್ಚಿನವು ಲೀಸ್‌ನವು. ಮಾಲೀಕರು ವಿದೇಶಿ ಲೀಸಿಂಗ್ ಕಂಪನಿಗಳು. ತಿಂಗಳ ಬಾಡಿಗೆ ಡಾಲರ್‌ನಲ್ಲಿ. ಅದರ ಮೇಲೆ ಕೆಲವು ತಿಂಗಳ ಬಾಡಿಗೆಯಷ್ಟು ಠೇವಣಿ. ಎಂಜಿನ್, ಲ್ಯಾಂಡಿಂಗ್ ಗೇರ್‌ಗಳ ದೊಡ್ಡ ರಿಪೇರಿಗೆಂದು ಹಾರಿದ ಗಂಟೆಗಿಷ್ಟು ಎಂದು ಪ್ರತ್ಯೇಕ ಹಣ. ಟಿಕೆಟ್ ಹಣ ಬರುವುದು ಮಾತ್ರ ಬಹುಪಾಲು ರೂಪಾಯಿಯಲ್ಲಿ. 2018ರ ಜನವರಿಯಲ್ಲಿ 64 ರೂಪಾಯಿ ಇದ್ದ ಡಾಲರ್ ಅಕ್ಟೋಬರ್‌ಗೆ 74 ದಾಟಿತು, ಕಚ್ಚಾತೈಲ ಬ್ಯಾರಲ್‌ಗೆ 80 ಡಾಲರ್ ಮೀರಿತು. ಎದುರಿಗೆ ಅಗ್ಗದ ವಿಮಾನಗಳಿದ್ದುದರಿಂದ ದರ ಏರಿಸುವಂತಿರಲಿಲ್ಲ. ಸೀಟು ತುಂಬಿದ್ದರೂ ನಷ್ಟವಾದದ್ದು ಹೀಗೆ.

ನನ್ನ ಕಕ್ಷಿದಾರರಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಮಾತು ಇನ್ನೊಂದಿದೆ. ಲೀಸ್ ಒಪ್ಪಂದದ ಜೊತೆಗೇ ಏರ್‌ಲೈನ್ ಒಂದು ಅಧಿಕಾರಪತ್ರಕ್ಕೆ ಸಹಿ ಹಾಕಿ ಕೊಟ್ಟಿರುತ್ತದೆ; ಉದ್ಯಮದಲ್ಲಿ ಅದನ್ನು 'ಇಡೇರಾ' ಎನ್ನುತ್ತಾರೆ. ಬಾಡಿಗೆ ತಪ್ಪಿದರೆ ಈ ವಿಮಾನದ ನೋಂದಣಿ ರದ್ದುಮಾಡಿಸಿ ಹೊರದೇಶಕ್ಕೆ ಒಯ್ಯಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಏರ್‌ಲೈನ್ ಒಬ್ಬರೇ ಅದನ್ನು ವಾಪಸು ಪಡೆಯುವಂತಿಲ್ಲ. ಪತ್ರ ಮತ್ತು ದಾಖಲೆ ಸರಿಯಿದ್ದರೆ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಐದು ಕೆಲಸದ ದಿನಗಳಲ್ಲಿ ನೋಂದಣಿ ತೆಗೆಯಬೇಕು. 2019ರಲ್ಲಿ ನಡೆದದ್ದು ಇದೇ. ಕೆಲವೇ ತಿಂಗಳಲ್ಲಿ ಅದೇ ಬೋಯಿಂಗ್ 737ಗಳಲ್ಲಿ ಹಲವು ಸ್ಪೈಸ್‌ಜೆಟ್ ಹೆಸರಿನಲ್ಲಿ ಹಾರುತ್ತಿದ್ದವು. ಬಾಡಿಗೆ ಮನೆಯ ಗೇಟಿಗೆ ಹೆಸರಿನ ಫಲಕ ತೂಗುಹಾಕಿದವರಿಗೆ ಮನೆ ಮಾರಲಾಗುತ್ತದೆಯೇ?

ಸ್ವಂತದ್ದೆನ್ನಬಹುದಾದ ಕೆಲವು ದೊಡ್ಡ ವಿಮಾನಗಳೂ ಸಾಲಕ್ಕೆ ಅಡವಾಗಿದ್ದವು. 2019ರ ಏಪ್ರಿಲ್ 10ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಮುಂಬೈಗೆ ಹೊರಡಬೇಕಿದ್ದ ಬೋಯಿಂಗ್ 777 ಅನ್ನು ಬಾಕಿಗಾಗಿ ಒಂದು ಕಾರ್ಗೋ ಏಜೆನ್ಸಿ ಅಲ್ಲೇ ಜಪ್ತಿ ಮಾಡಿಸಿತು.

ಉಳಿದದ್ದು ಸ್ಲಾಟ್ (ನಿಲ್ದಾಣದಲ್ಲಿ ಇಳಿಯಲು, ಹೊರಡಲು ಗೊತ್ತುಮಾಡಿದ ಸಮಯ) ಮತ್ತು ಬ್ರ್ಯಾಂಡ್. ಮುಂಬೈ, ದೆಹಲಿಯ ಸ್ಲಾಟ್‌ಗಳನ್ನು ಸರ್ಕಾರ ಬೇರೆ ಏರ್‌ಲೈನ್‌ಗಳಿಗೆ ಹಂಚಿತು. ಬ್ರ್ಯಾಂಡ್ ಬೆಲೆ ಎಷ್ಟೆಂದು ಬೆಂಗಳೂರಿನವರಿಗೆ ಗೊತ್ತೇ ಇದೆ: 2016ರಲ್ಲಿ ಕಿಂಗ್‌ಫಿಶರ್ ಏರ್‌ಲೈನ್ಸ್ ಟ್ರೇಡ್‌ಮಾರ್ಕ್‌ಗಳನ್ನು ಬ್ಯಾಂಕುಗಳು 366.70 ಕೋಟಿಯಿಂದ ಹರಾಜಿಗಿಟ್ಟಾಗ ಒಬ್ಬರೂ ಕೂಗಲಿಲ್ಲ.

ಇಷ್ಟಾದರೂ 'ಜೆಟ್ ಮತ್ತೆ ಹಾರಲಿದೆ' ಎಂಬ ಸುದ್ದಿ ಬಂದಾಗಲೆಲ್ಲ ಜನ ಷೇರು ಕೊಂಡರು. 2021ರ ಜೂನ್‌ನಲ್ಲಿ ಪುನಶ್ಚೇತನ ಯೋಜನೆಗೆ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟಿತ್ತು, ನಿಜ. ಆದರೆ ಯೋಜನೆ ಒಪ್ಪಿಗೆಯಾಗುವುದು ಬೇರೆ, ಹಣ ಬರುವುದು ಬೇರೆ. ಷರತ್ತು ಈಡೇರದೆ 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಲಿಕ್ವಿಡೇಷನ್‌ಗೆ, ಅಂದರೆ ಇದ್ದದ್ದನ್ನು ಮಾರಿ ಸಾಲಗಾರರಿಗೆ ಹಂಚಿ ಕಂಪನಿ ಮುಚ್ಚಲು, ಆದೇಶಿಸಿತು.

ಇನ್ನು ಹಂಚಿಕೆ. ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಪ್ರಕಾರ ಮೊದಲು ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡವು ಹಿಡಿದ ಬ್ಯಾಂಕುಗಳು, ಸಮಸಮವಾಗಿ. ಆಮೇಲೆ ಉಳಿದ ಸಿಬ್ಬಂದಿಯ 12 ತಿಂಗಳ ಸಂಬಳ, ಅಡವಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ, ಇತರ ಸಾಲ. ತಟ್ಟೆಯ ತಳದಲ್ಲಿ ಷೇರುದಾರ. ಬ್ಯಾಂಕುಗಳ ಬಾಕಿಯೇ ಸಾವಿರಾರು ಕೋಟಿ ಇರುವಾಗ ಅಲ್ಲಿವರೆಗೆ ಏನು ಇಳಿದೀತು?

ನನಗೆ ಸಂಕಟವಾಗುವುದು ಸಿಬ್ಬಂದಿಯ ವಿಷಯದಲ್ಲಿ. ಪಿಎಫ್, ಗ್ರಾಚ್ಯುಟಿ ಈ ಸಾಲಿನಲ್ಲಿ ನಿಲ್ಲಬೇಕಾದ ಹಣವಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಆ ಲೆಕ್ಕವನ್ನು ಸಂಬಳ ಬಾಕಿಯೊಂದಿಗೆ ಬೆರೆಸದೆ ಬೇರೆಯಾಗಿ ತೋರಿಸಿ. ಪುನಶ್ಚೇತನಕ್ಕೆ ಯತ್ನಿಸಿದ ಮೊದಲ ಹಂತದಲ್ಲೇ ಕ್ಲೇಮ್ ಸಲ್ಲಿಸಿದ್ದರೆ, ಲಿಕ್ವಿಡೇಷನ್‌ನಲ್ಲಿ ಹೊಸದಾಗಿ ಹಾಕದಿದ್ದರೂ ಆಗ ಪರಿಶೀಲಿಸಿ ಒಪ್ಪಿದ ಮೊತ್ತವನ್ನೇ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆದರೂ ಲಿಕ್ವಿಡೇಟರ್ ಪಟ್ಟಿಯಲ್ಲಿ ಹೆಸರು, ಮೊತ್ತ ಸರಿಯಿದೆಯೇ ಎಂದು ನೋಡಿಕೊಳ್ಳಿ. ಸ್ಯಾಲರಿ ಸ್ಲಿಪ್, ನೇಮಕಾತಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವುದನ್ನೂ ಎಸೆಯಬೇಡಿ.