ಪದ ಪರಿಚಯ: ಸಿಪ್ಪೆಯೊಳಗಿನ ‘ಜೈವಿಕ ಸಕ್ರಿಯ ಸಂಯುಕ್ತ’

ಕಿತ್ತಳೆ ಸಿಪ್ಪೆಯನ್ನು ಬೆರಳುಗಳ ನಡುವೆ ಮಡಚಿ ಹಿಂಡಿದರೆ ಕಾಣದಷ್ಟು ಸಣ್ಣ ಹನಿಗಳು ಚಿಮ್ಮುತ್ತವೆ. ಕಣ್ಣಿಗೆ ಬಿದ್ದರೆ ಉರಿ. ಊದಿದ ಬಲೂನಿಗೆ ತಾಗಿದರೆ ಬಲೂನು ಒಡೆಯುವುದುಂಟು. ಮೇಣದ ಬತ್ತಿಯ ಜ್ವಾಲೆಯತ್ತ ಹಿಂಡಿದರೆ ಚಟಪಟನೆ ಕಿಡಿ ಹಾರುತ್ತದೆ. ಒಳಗಿನ ತೊಳೆಯ ರಸಕ್ಕೆ ಬಲೂನು ಒಡೆಯುವ, ಕಿಡಿ ಹಾರಿಸುವ ಈ ತುಂಟತನವಿಲ್ಲ. ತಿನ್ನುವ ಭಾಗ ಸಾಧು, ಎಸೆಯುವ ಭಾಗವೇ ಚುರುಕು.

ಸಿಪ್ಪೆಯ ಇಂಥ ಚುರುಕು ವಸ್ತುಗಳ ಬಗ್ಗೆ ಬರೆಯುವಾಗ ಪದೇ ಪದೇ ಬರುವ ಮಾತು ‘ಜೈವಿಕ ಸಕ್ರಿಯ ಸಂಯುಕ್ತ’. ಸಂಯುಕ್ತ ಎಂದರೆ ಬೇರೆ ಬೇರೆ ಮೂಲವಸ್ತುಗಳು ಗೊತ್ತಾದ ಪ್ರಮಾಣದಲ್ಲಿ ಕೂಡಿ ಆದದ್ದು. ಆ ಲೆಕ್ಕದಲ್ಲಿ ನೀರೂ ಸಂಯುಕ್ತವೇ. ಜೈವಿಕ ಸಕ್ರಿಯ ಎಂದರೆ ಜೀವಿಯ ಮೈಮೇಲೆ ಅಥವಾ ಮೈಯೊಳಗೆ ಏನಾದರೊಂದು ಪರಿಣಾಮ ಉಂಟುಮಾಡುವಂಥದ್ದು. ಆ ಪರಿಣಾಮ ಒಳ್ಳೆಯದೇ ಆಗಿರಬೇಕೆಂದು ಪದ ಎಲ್ಲಿಯೂ ಹೇಳುವುದಿಲ್ಲ. ವಿಷವೂ ಸಕ್ರಿಯವೇ. ಜಾಹೀರಾತುಗಳು ಮಾತ್ರ ‘ಸಕ್ರಿಯ’ವನ್ನು ‘ಉಪಕಾರಿ’ ಎಂದೇ ಓದಿಸುತ್ತವೆ.

ಇವೆಲ್ಲ ಸಿಪ್ಪೆಯಲ್ಲೇ ಏಕೆ ಗುಂಪುಗೂಡಿವೆ? ತಿರುಳಿನ ಕೆಲಸ ಪ್ರಾಣಿ, ಪಕ್ಷಿಗಳನ್ನು ಕರೆದು ಬೀಜ ಹರಡಿಸುವುದು. ಅದಕ್ಕೆ ಸಿಹಿ ಬೇಕು. ಸಿಪ್ಪೆಯದು ಕಾವಲಿನ ಕೆಲಸ. ಬೂಷ್ಟು, ಕೀಟ, ಬಿಸಿಲಿನ ಅತಿನೇರಳೆ ಕಿರಣ ಮೊದಲು ಎದುರಾಗುವುದು ಅದಕ್ಕೇ. ಓಡಲಾಗದ ಗಿಡಕ್ಕೆ ರಸಾಯನವೇ ಆಯುಧ. ನಾವು ಸಿಪ್ಪೆಯಲ್ಲಿ ಹುಡುಕುವ ‘ಉಪಯೋಗ’ಗಳಲ್ಲಿ ಹೆಚ್ಚಿನವು ಆ ಆಯುಧಗಳನ್ನು ನಮ್ಮ ಕೆಲಸಕ್ಕೆ ತಿರುಗಿಸಿಕೊಂಡದ್ದು.

ಬಲೂನು ಒಡೆದದ್ದು ಲಿಮೊನೀನ್. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿ ಸುಮಾರು 90ರಿಂದ 95 ಪ್ರತಿಶತ ಇದೇ ಇರುತ್ತದೆ. ಮೇಲ್ಪದರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುವ ಕುಳಿಗಳೇ ಇದರ ಚೀಲಗಳು. ಗಿಡಕ್ಕೆ ಇದು ಕೀಟಗಳನ್ನು ದೂರವಿಡುವ ಮದ್ದು. ಜಿಡ್ಡನ್ನು, ರಬ್ಬರನ್ನು ಕರಗಿಸುವ ಗುಣದಿಂದಾಗಿ ನಮಗೆ ಗ್ರೀಸ್ ಒರೆಸುವ ದ್ರಾವಕ. ಪಾಲಿಸ್ಟೈರೀನ್ ಫೋಮ್ (ಥರ್ಮೊಕೋಲ್) ಕೂಡ ಇದರಲ್ಲಿ ಕರಗಿ ಕುಗ್ಗುತ್ತದೆ. ಲಿಮೊನೀನ್ ಅಣುವಿಗೆ ನಮ್ಮ ಕೈಗಳಂತೆ ಎಡ, ಬಲ ಎಂದು ಎರಡು ರೂಪಗಳಿವೆ. ಬಲದ್ದು ಕಿತ್ತಳೆಯ ವಾಸನೆ, ಎಡದ್ದು ನಿಂಬೆಯ ವಾಸನೆ ಎಂಬ ಮಾತು ಪಠ್ಯಗಳಲ್ಲೂ ಸುಳಿದಾಡುತ್ತದೆ. ಅದು ತಪ್ಪು. ನಿಂಬೆಯಲ್ಲೂ ಇರುವುದು ಮುಖ್ಯವಾಗಿ ಬಲದ ರೂಪವೇ. ನಿಂಬೆಗೆ ನಿಂಬೆಯ ಪರಿಮಳ ಕೊಡುವುದು ಸಿಟ್ರಾಲ್ ಎಂಬ ಇನ್ನೊಂದು ವಸ್ತು.

ಬಣ್ಣದ ಪದರದ ಕೆಳಗಿನ ಬಿಳಿ ಭಾಗಕ್ಕೆ ಬಂದರೆ ಕಹಿ. ಚಕ್ಕೋತದ ಕಹಿಗೆ ನಾರಿಂಜಿನ್ ಕಾರಣ. ಕಿತ್ತಳೆಯ ಬಿಳಿ ಪದರದಿಂದ 1828ರಲ್ಲಿ ಫ್ರಾನ್ಸಿನ ಲೆಬ್ರೆಟನ್ ಬೇರ್ಪಡಿಸಿದ ಹೆಸ್ಪೆರಿಡಿನ್ ಇದರ ದಾಯಾದಿ, ಆದರೆ ರುಚಿಯಿಲ್ಲದ್ದು. ಇವೆರಡೂ ಫ್ಲೇವನಾಯ್ಡ್ ಎಂಬ ಸಸ್ಯ ಸಂಯುಕ್ತಗಳ ದೊಡ್ಡ ಕುಟುಂಬಕ್ಕೆ ಸೇರಿದವು. 1936ರಲ್ಲಿ ಹಂಗೆರಿಯ ವಿಜ್ಞಾನಿ ಸೆಂಟ್ ಗ್ಯೋರ್ಗಿ ಮತ್ತು ಸಂಗಡಿಗರು ನಿಂಬೆಯಿಂದ ತೆಗೆದ ಫ್ಲೇವನಾಯ್ಡ್‌ಗಳನ್ನು ‘ವಿಟಮಿನ್ ಪಿ’ ಎಂದು ಕರೆದಿದ್ದರು. ಅದಿಲ್ಲದೆ ಬರುವ ಕಾಯಿಲೆಯೊಂದು ಸಾಬೀತಾಗದ್ದರಿಂದ ಆ ಹೆಸರು ಉಳಿಯಲಿಲ್ಲ. ನನಗೆ ಹೆಚ್ಚು ಸೋಜಿಗವೆನಿಸುವುದು ಮುಂದಿನ ಕಥೆ. 1960ರ ದಶಕದಲ್ಲಿ ಅಮೆರಿಕದ ಹೊರೊವಿಟ್ಸ್ ಮತ್ತು ಜೆಂಟಿಲಿ, ಈ ಹಣ್ಣುಗಳಿಗೆ ಕಹಿ ಎಲ್ಲಿಂದ ಬರುತ್ತದೆಂದು ಹುಡುಕುತ್ತಿದ್ದರು. ಕಹಿ ಕಿತ್ತಳೆಯಲ್ಲಿರುವ ನಿಯೊಹೆಸ್ಪೆರಿಡಿನ್‌ಗೆ ಕ್ಷಾರ ಸೇರಿಸಿ, ಹೈಡ್ರೋಜನ್ ಕೂಡಿಸಿದಾಗ ಸಿಕ್ಕಿದ್ದು ಸಕ್ಕರೆಗಿಂತ ಸಾವಿರ ಪಟ್ಟಿಗೂ ಮಿಗಿಲಾದ ಸಿಹಿ! ಇಂದು ಅದನ್ನು ಔಷಧಗಳ ಕಹಿ ಮರೆಮಾಚಲು ಬಳಸುತ್ತಾರೆ.

ದಾಳಿಂಬೆ ಸಿಪ್ಪೆಯ ರುಚಿಗೆ ಕಹಿ ಎಂದರೆ ಸಾಲದು, ಅದು ಒಗರು. ಒಗರು ನಿಜಕ್ಕೂ ನಾಲಿಗೆಯ ರುಚಿಯಲ್ಲ, ಸ್ಪರ್ಶ. ಸಿಪ್ಪೆಯಲ್ಲಿರುವ ಟ್ಯಾನಿನ್‌ಗಳು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಮುದ್ದೆಮಾಡುತ್ತವೆ. ಜಾರುವ ಗುಣ ಹೋಗಿ ಬಾಯಿ ಒಣಗಿ ಬಿಗಿದಂತಾಗುತ್ತದೆ. ಹಸಿ ತೊಗಲಿನ ಪ್ರೋಟೀನನ್ನು ಇದೇ ಬಗೆಯಲ್ಲಿ ಬಿಗಿದರೆ ಅದು ಕೊಳೆಯದ ಚರ್ಮವಾಗುತ್ತದೆ. ಹಾಗಾಗಿಯೇ ಈ ಸಿಪ್ಪೆಯನ್ನು ಚರ್ಮ ಹದಮಾಡಲು, ಬಟ್ಟೆಗೆ ಬಣ್ಣ ಹಿಡಿಸಲು ಬಹು ಕಾಲದಿಂದ ಬಳಸಿದ್ದಾರೆ.

ಪೆಕ್ಟಿನ್ ಈ ಸಾಲಿನಲ್ಲಿ ತುಸು ಬೇರೆ. ಅದು ಆಯುಧವಲ್ಲ, ಗಾರೆ. ಜೀವಕೋಶದ ಗೋಡೆಗಳನ್ನು ಒಂದಕ್ಕೊಂದು ಅಂಟಿಸುವ ಈ ಉದ್ದ ಸರಪಳಿಯ ಸಕ್ಕರೆಗೆ 1825ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಬ್ರಕೊನೊ ಹೆಸರಿಟ್ಟಾಗ ಹೆಪ್ಪುಗಟ್ಟುವುದನ್ನು ಸೂಚಿಸುವ ಗ್ರೀಕ್ ಪದವನ್ನು ಆರಿಸಿಕೊಂಡ. ರಸ ಹಿಂಡಿ ಉಳಿದ ನಿಂಬೆ ಜಾತಿಯ ಸಿಪ್ಪೆ ಮತ್ತು ಸೇಬಿನ ಚರಟ, ಕಾರ್ಖಾನೆಗಳ ಪೆಕ್ಟಿನ್‌ಗೆ ಇವೇ ಮುಖ್ಯ ಮೂಲ. ಬಿಸಿಯಾದ ತೆಳು ಆಮ್ಲದಲ್ಲಿ ಬಿಡಿಸಿ, ಆಲ್ಕೋಹಾಲ್ ಸುರಿದರೆ ಅದು ಲೋಳೆಯಾಗಿ ಬೇರ್ಪಡುತ್ತದೆ. ಜಾಮ್ ಗಟ್ಟಿಯಾಗುವುದು ಇದರಿಂದ; ಸಾಕಷ್ಟು ಸಕ್ಕರೆ, ಹುಳಿ ಎರಡೂ ಜೊತೆಗಿರಬೇಕು. ತಿಂದರೆ ನಮ್ಮ ಜೀರ್ಣರಸಗಳಿಗೆ ಅದು ಬಗ್ಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ.

ಇಷ್ಟು ಓದಿ ಸಿಪ್ಪೆಯನ್ನೇ ಅಗಿಯಲು ಹೊರಟರೆ ಪದವನ್ನು ತಪ್ಪಾಗಿ ತಿಳಿದಂತೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಜೀವಕೋಶಗಳ ಮೇಲೆ ಕೆಲಸ ಮಾಡಿದ್ದು, ಹೊಟ್ಟೆ, ಯಕೃತ್ತುಗಳನ್ನು ದಾಟಿ ಬರುವಷ್ಟರಲ್ಲಿ ರೂಪ ಬದಲಿಸಿರುತ್ತದೆ. ರಕ್ತಕ್ಕೆ ಸೇರುವ ಪ್ರಮಾಣವೂ ಹಲವು ಸಲ ಅತ್ಯಲ್ಪ. ಸಿಂಪಡಿಸಿದ ಕೀಟನಾಶಕ ನಿಲ್ಲುವುದೂ ಹೆಚ್ಚಾಗಿ ಸಿಪ್ಪೆಯಲ್ಲೇ. ಮಾವಿನ ಸಿಪ್ಪೆ ಕೆಲವರ ತುಟಿಯ ಸುತ್ತ ಬೊಬ್ಬೆ ಎಬ್ಬಿಸುತ್ತದೆ. ಕೆಲವು ಜಾತಿಯ ನಿಂಬೆಯ ಸಿಪ್ಪೆಯಲ್ಲಿ ಫ್ಯುರಾನೊಕೂಮರಿನ್‌ಗಳಿವೆ. ಇವು ಚರ್ಮಕ್ಕೆ ಹತ್ತಿದ ಹೊತ್ತಿನಲ್ಲಿ ಏನೂ ಮಾಡುವುದಿಲ್ಲ. ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಗುಳ್ಳೆಗಳು ಏಳುತ್ತವೆ, ಕಂದು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅಂಥ ಸಿಪ್ಪೆ ಹಿಂಡಿದವರು ಸಾಬೂನಿನಲ್ಲಿ ಕೈ ತೊಳೆದೇ ಬಿಸಿಲಿಗೆ ಹೋಗಬೇಕು.