ಆಲ್ಕೆಮಿ: ಗ್ರೀಕ್ ಹೌದು, ಗ್ರೀಸ್ ಅಲ್ಲ

ಆಲ್ಕೆಮಿ ಎಂದರೆ ಕೀಳು ಲೋಹವನ್ನು ಚಿನ್ನವಾಗಿಸಲು ಹೊರಟ ಹಳೆಯ ರಸವಿದ್ಯೆ. 'ಪ್ರಾಚೀನ ಗ್ರೀಕರ ಆಲ್ಕೆಮಿ' ಎಂದು ಎಲ್ಲಿ ಬರೆದಿದ್ದರೂ ಪಕ್ಕದಲ್ಲೊಂದು ಪಾರ್ಥೆನಾನ್, ಅಂದರೆ ಅಥೆನ್ಸಿನ ಹಳೆಯ ಗುಡಿಯ, ಚಿತ್ರ ಗ್ಯಾರಂಟಿ. ಕೆಳಗೆ 'ಚಿನ್ನ ಬರೀ ಸಂಕೇತ, ಅಸಲಿಗೆ ಅದು ಆತ್ಮಸಾಧನೆ' ಎಂಬ ಸಾಲು. ಎರಡೂ ತಪ್ಪು.

ಈ ವಿದ್ಯೆ ಬೆಳೆದದ್ದು ರೋಮನ್ನರು ಆಳುತ್ತಿದ್ದ ಈಜಿಪ್ಟಿನಲ್ಲಿ. ಅರಿಸ್ಟಾಟಲ್ ಸತ್ತು ಆಗಲೇ ಶತಮಾನಗಳು ಕಳೆದಿದ್ದವು. ಬರೆದವರ ಭಾಷೆ ಗ್ರೀಕ್, ಅಷ್ಟೇ.

ಇನ್ನು ಹೆಸರಿನ ಗಲಾಟೆ. 'ಅಲ್' ಅರಬ್ಬಿಯಿಂದ ಬಂದು ಅಂಟಿಕೊಂಡದ್ದು, ಅದರಲ್ಲಿ ಜಗಳವಿಲ್ಲ. ಉಳಿದ 'ಕೆಮಿ' ಎಲ್ಲಿಯದು? ಈಜಿಪ್ಟಿಗೆ ಅಲ್ಲಿನವರೇ ಇಟ್ಟಿದ್ದ ಹೆಸರು 'ಕೆಮೆಟ್', ಅಂದರೆ ಕಪ್ಪು ನೆಲ. ನೈಲ್ ನದಿ ತಂದು ಹಾಕುವ ಮೆಕ್ಕಲು ಮಣ್ಣಿನ ಬಣ್ಣ ಅದು. ಅದರಿಂದಲೇ ಬಂತು ಎಂದು ಕೆಲವರು. ಗ್ರೀಕಿನಲ್ಲಿ 'ಖೆಯೊ' ಎಂದರೆ ಸುರಿ, 'ಖ್ಯೂಮಾ' ಎಂದರೆ ಕರಗಿಸಿ ಎರಕ ಹೊಯ್ದದ್ದು. ಅದರಿಂದ ಬಂತು ಎಂದು ಇನ್ನು ಕೆಲವರು. ಹಳೆಯ ಪ್ರತಿಗಳಲ್ಲಿ 'ಖೆಮೇಯಾ', 'ಖ್ಯುಮೇಯಾ' ಎರಡೂ ಕಾಗುಣಿತ ಸಿಗುತ್ತವೆ. ಹಾಗಾಗಿ ವಾದ ಮುಗಿದಿಲ್ಲ. ಕಪ್ಪು ನೆಲದ ಕಥೆ ಕೇಳೋಕೆ ಚೆಂದ, ಅದಕ್ಕೇ ಜಾಸ್ತಿ ಓಡುತ್ತದೆ. ದಿನವಿಡೀ ಲೋಹ ಕರಗಿಸುವವರ ಕಸುಬಿಗೆ ಎರಕದ ಹೆಸರೇ ಸಹಜ ಅಂತ ನನಗನ್ನಿಸುತ್ತದೆ. ಆದರೆ 'ಕಪ್ಪು ನೆಲ'ವನ್ನು ಎಳೆದು 'ಕಪ್ಪು ವಿದ್ಯೆ', ಅಂದರೆ ಮಾಟಮಂತ್ರ, ಮಾಡುವವರಿಗೆ ಏನು ಹೇಳೋಣ? ಮಣ್ಣು ಕಪ್ಪಗಿತ್ತು ಸ್ವಾಮಿ, ವಿದ್ಯೆಯಲ್ಲ.

ಕಸುಬು ಎಂದದ್ದು ಸುಮ್ನೆ ಅಲ್ಲ. ಈಜಿಪ್ಟಿನಿಂದ ಬಂದು ಈಗ ಲೈಡನ್ ಮತ್ತು ಸ್ಟಾಕ್‌ಹೋಮಿನಲ್ಲಿರುವ ಪಪೈರಸ್‌ಗಳು (ಜೊಂಡಿನ ಹಾಳೆಯ ಬರಹಗಳು) ಸುಮಾರು ಕ್ರಿ.ಶ. 300ರವು. ಅವುಗಳ ತುಂಬ ಇರುವುದು ಚಿನ್ನಕ್ಕೆ ಬೆರಕೆ, ಹರಳಿಗೆ ಬಣ್ಣ, ಉಣ್ಣೆಗೆ ನೇರಳೆ ಹಾಕುವ ಪಾಕವಿಧಾನಗಳು. ಆತ್ಮದ ಸುದ್ದಿಯೇ ಇಲ್ಲ.

ಹಾಗಾದರೆ ಅಧ್ಯಾತ್ಮ ಸುಳ್ಳೇ? ಅಲ್ಲ. ಅದೇ ಹೊತ್ತಿಗೆ ಈಜಿಪ್ಟಿನ ಪನೋಪೊಲಿಸ್ ಊರಿನ ಆಲ್ಕೆಮಿಗಾರ ಜೋಸಿಮಸ್ ಬರೆಯುತ್ತಿದ್ದ. ಅವನ ಕನಸಿನಲ್ಲಿ ಬಟ್ಟಲಿನಂಥ ಬಲಿಪೀಠ, ಅದರಲ್ಲಿ ಕುದಿಯುವ ಜನ. ಪೂಜಾರಿಯೊಬ್ಬನನ್ನು ಕತ್ತರಿಸಿ, ಸುಟ್ಟು, ದೇಹವನ್ನು ಚೇತನವಾಗಿಸುತ್ತಾರೆ. ಭಯಂಕರ ಎನಿಸುತ್ತೆ ಅಲ್ವಾ? ಆದರೆ ಭಟ್ಟಿಯ ಮುಂದೆ ಕೂತವನಿಗೆ ಇದು ಗುರುತಿನ ನೋಟವೇ. ಕಾಯಿಸಿದಾಗ ಮೇಲೇಳುವ ಆವಿಗೆ ಅವರು 'ನ್ಯೂಮಾ' ಎನ್ನುತ್ತಿದ್ದರು. ಉಸಿರಿಗೂ ಚೇತನಕ್ಕೂ ಅದೇ ಪದ. ಲೋಹ 'ಸೋಮಾ', ಅಂದರೆ ದೇಹ. ಲೋಹ ಮೊದಲು ಕಪ್ಪಾಗಬೇಕು, ಆಮೇಲೆ ಬಿಳಿ, ಆಮೇಲೆ ಹಳದಿ. ಸಾವು, ಶುದ್ಧಿ, ಮರುಹುಟ್ಟು ಎಲ್ಲ ಆ ಪಾತ್ರೆಯಲ್ಲೇ ಕಾಣುತ್ತಿತ್ತು.

ಥಿಯೋಸೆಬಿಯಾ ಎಂಬಾಕೆಗೆ ಜೋಸಿಮಸ್ ಹೇಳುತ್ತಾನೆ: ದೇವರನ್ನು ಹುಡುಕಿ ಅಲೆಯಬೇಡ, ಮನೆಯಲ್ಲಿ ಶಾಂತವಾಗಿ ಕೂರು, ಅವನೇ ಬರುತ್ತಾನೆ. ಈ ಮಾತನ್ನಷ್ಟೇ ಕಿತ್ತು ಹಂಚುವವರು ಅವನ ಉಳಿದ ಬರಹ ಓದಿದ್ದರೆ ಒಳ್ಳೆಯದಿತ್ತು. ಅವನಿಗಿಂತ ಹಿಂದಿನ ಆಲ್ಕೆಮಿಗಾರ್ತಿ ಯಹೂದಿ ಮರಿಯಾಳ ಮೂರು ಕೊಳವೆಯ ಭಟ್ಟಿಯ ವಿವರ ಉಳಿದಿರುವುದು ಅವನಿಂದಲೇ. ತಾಮ್ರದ ತಗಡು ಮಿಠಾಯಿ ಮಾಡುವವರ ಬಾಣಲೆಗಿಂತ ಕೊಂಚ ದಪ್ಪ ಇರಬೇಕು, ಸಂದುಗಳಿಗೆ ಹಿಟ್ಟಿನ ಅಂಟು ಮೆತ್ತಬೇಕು ಎನ್ನುವಷ್ಟು ಕಸುಬಿನ ವಿವರ ಅದರಲ್ಲಿದೆ.