ಸಾಕ್ಷಿಯ ನೆನಪು ಮತ್ತು ಗುರುತು ಪರೇಡ್: ಮನೋವಿಜ್ಞಾನ–ಕಾನೂನು ಟಿಪ್ಪಣಿ

ಮನೋವಿಜ್ಞಾನ ಮತ್ತು ಕಾನೂನು ಹಲವು ಕಡೆ ಮುಖಾಮುಖಿಯಾಗುತ್ತವೆ. ಆರೋಪಿಯ ಮನಸ್ಥಿತಿ ಒಂದು: ಬುದ್ಧಿಭ್ರಮಣೆಯಲ್ಲಿ ಮಾಡಿದ ಕೃತ್ಯಕ್ಕೆ ವಿನಾಯಿತಿ ಕೊಡುವ ಭಾರತೀಯ ನ್ಯಾಯ ಸಂಹಿತೆಯ ಕಲಂ 22, ಹಳೆಯ ಐಪಿಸಿಯಲ್ಲಿ ಕಲಂ 84. ಆರೋಪಿಯ ಬಾಯಿ ಬಿಡಿಸುವ ತಂತ್ರಗಳು ಇನ್ನೊಂದು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇವೆರಡನ್ನೂ ಪರೀಕ್ಷೆಗೆ ಓದುವ ಹೆಚ್ಚಿನವರು ಚೆನ್ನಾಗಿ ಓದಿಕೊಂಡಿರುತ್ತಾರೆ. ಪ್ರತ್ಯಕ್ಷದರ್ಶಿಯ ನೆನಪಿನ ವಿಷಯ ಬಂದಾಗ ಮಾತ್ರ ಕಲಂಗಳನ್ನು ಉರು ಹೊಡೆದು ಬಿಡುತ್ತೇವೆ. ಗುರುತು ಪರೇಡ್ ಎಂದರೆ ಆರೋಪಿಯನ್ನು ಇತರರ ಜೊತೆ ಸಾಲಿನಲ್ಲಿ ನಿಲ್ಲಿಸಿ, ಅವನನ್ನು ಗುರುತಿಸಲು ಸಾಕ್ಷಿಗೆ ಹೇಳುವುದು. ಅದರ ಒಂದೊಂದು ನಿಯಮದ ಹಿಂದೆಯೂ ನೆನಪು ಕೈಕೊಡುವ ಒಂದೊಂದು ಬಗೆ ಇದೆ. ಅದನ್ನು ಹಿಡಿದರೆ ನಿಯಮ ತಾನಾಗಿ ನೆನಪಿರುತ್ತದೆ, ನಿಯಮ ಮುರಿದಾಗ ಸಾಕ್ಷ್ಯ ಎಷ್ಟು ಕೆಟ್ಟಿತು ಎಂದು ಅಳೆಯಲೂ ಬರುತ್ತದೆ.

ಪ್ರಶ್ನೆಯೇ ನೆನಪನ್ನು ತಿದ್ದುತ್ತದೆ

1974ರಲ್ಲಿ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಏಳು ಪುಟ್ಟ ಚಲನಚಿತ್ರ ತುಣುಕುಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಬದಲಾದದ್ದು ಪ್ರಶ್ನೆಯ ಕ್ರಿಯಾಪದ ಮಾತ್ರ. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರ ಸರಾಸರಿ ಅಂದಾಜು ಗಂಟೆಗೆ ಸುಮಾರು 41 ಮೈಲಿ. 'ತಾಗಿದಾಗ' ಎಂದು ಕೇಳಿಸಿಕೊಂಡವರದು ಸುಮಾರು 32.

ಎರಡನೆಯ ಪ್ರಯೋಗ ಇನ್ನೂ ಮುಖ್ಯ. 150 ಮಂದಿಯನ್ನು ಐವತ್ತರಂತೆ ಮೂರು ಗುಂಪು ಮಾಡಿದರು. ಒಂದಕ್ಕೆ 'ಅಪ್ಪಳಿಸಿದಾಗ', ಇನ್ನೊಂದಕ್ಕೆ 'ಡಿಕ್ಕಿಯಾದಾಗ' ಎಂದು ಕೇಳಿ, ಮೂರನೆಯದಕ್ಕೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ವಾರದ ನಂತರ ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಮೊದಲ ಗುಂಪಿನಲ್ಲಿ 16 ಮಂದಿ 'ಹೌದು' ಎಂದರು, ಎರಡನೆಯದರಲ್ಲಿ 7, ಮೂರನೆಯದರಲ್ಲಿ 6. ಅವರು ಸುಳ್ಳು ಹೇಳುತ್ತಿರಲಿಲ್ಲ. ಪ್ರಶ್ನೆಯೊಳಗೆ ಅಡಗಿದ್ದ ಮಾಹಿತಿ ನೆನಪಿನೊಳಗೆ ಸೇರಿಹೋಗಿತ್ತು.

ಇದನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 146ರ ಜೊತೆ ಇಟ್ಟು ಓದಿ. ಎದುರು ಪಕ್ಷದವರು ಆಕ್ಷೇಪಿಸಿದರೆ ಮುಖ್ಯ ವಿಚಾರಣೆಯಲ್ಲಿ (ಸಾಕ್ಷಿಯನ್ನು ಕರೆಸಿದ ಪಕ್ಷದವರೇ ಪ್ರಶ್ನಿಸುವಾಗ) ನ್ಯಾಯಾಲಯದ ಅನುಮತಿ ಇಲ್ಲದೆ ಸೂಚಕ ಪ್ರಶ್ನೆ, ಅಂದರೆ ಉತ್ತರವನ್ನು ತಾನೇ ಸೂಚಿಸುವ ಪ್ರಶ್ನೆ, ಕೇಳುವಂತಿಲ್ಲ. ಪಾಟೀ ಸವಾಲಿನಲ್ಲಿ, ಎದುರು ಪಕ್ಷದವರು ಪ್ರಶ್ನಿಸುವಾಗ, ಕೇಳಬಹುದು. ನಿಯಮ ಒಳ್ಳೆಯದೇ, ಆದರೆ ಅದು ಕಾವಲು ಕಾಯುವುದು ನ್ಯಾಯಾಲಯದ ಬಾಗಿಲಲ್ಲಿ. ಹಾನಿ ಅದಕ್ಕಿಂತ ಎಷ್ಟೋ ಮೊದಲು, ಠಾಣೆಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) ಕಲಂ 180ರಡಿ ಹೇಳಿಕೆ ಪಡೆಯುವಾಗಲೇ ಆಗಿರಬಹುದು. 'ಅವನ ಕೈಲಿ ಮಚ್ಚು ಇತ್ತಲ್ಲ, ಎಷ್ಟು ಉದ್ದ ಇತ್ತು?' ಎಂದು ಕೇಳಿದರೆ ಮಚ್ಚು ಇತ್ತೆಂಬುದು ಆಗಲೇ ತೀರ್ಮಾನವಾದಂತೆ. 'ಏನೇನು ಕಂಡಿರಿ, ಹೇಳಿ' ಎಂದು ಕೇಳಿ ಪೂರ್ತಿ ಮಾತಾಡಲು ಬಿಟ್ಟು, ಬಿಟ್ಟುಹೋದ ವಿವರವನ್ನು ಆಮೇಲೆ ಕೇಳುವುದೇ ಸರಿಯಾದ ಕ್ರಮ.

ಪರೇಡ್ ಹೇಗೆ ನಡೆಯಬೇಕು

ಆಧಾರ: ಸಾಕ್ಷ್ಯ ಅಧಿನಿಯಮದ ಕಲಂ 7 (ಹಳೆಯದು 9), ನಾಗರಿಕ ಸುರಕ್ಷಾ ಸಂಹಿತೆಯ ಕಲಂ 54 (ಹಳೆಯದು 54ಎ). ಸಾಕ್ಷಿಗೆ ಮೊದಲಿಂದಲೂ ಪರಿಚಯವಿದ್ದ ಆರೋಪಿಗೆ ಪರೇಡ್ ಅರ್ಥಹೀನ. ಪಕ್ಕದ ಮನೆಯವನನ್ನು ಸಾಲಿನಲ್ಲಿ ಗುರುತಿಸಿದರೆ ಏನೂ ಸಾಬೀತಾಗುವುದಿಲ್ಲ.

ಬಂಧನದಿಂದ ಪರೇಡ್‌ವರೆಗೆ ಆರೋಪಿಯ ಮುಖ ಸಾಕ್ಷಿಗಳಿಗೆ ಕಾಣದಂತೆ ಮುಚ್ಚಿಡಬೇಕು. ಪರೇಡ್ ನಡೆಸುವವರು ಮ್ಯಾಜಿಸ್ಟ್ರೇಟ್, ಪೊಲೀಸರು ಸ್ಥಳದಲ್ಲಿರಬಾರದು. ಇದ್ದರೆ ಗುರುತಿಸುವಿಕೆಯು ಪೊಲೀಸರೆದುರು ಕೊಟ್ಟ ಹೇಳಿಕೆಯಾಗಿ ಅದೇ ಸಂಹಿತೆಯ ಕಲಂ 181ರ (ಹಳೆಯ 162ರ) ನಿಷೇಧಕ್ಕೆ ಸಿಲುಕುತ್ತದೆ. ಸಾಲಿನಲ್ಲಿ ನಿಲ್ಲುವ ಇತರರು ವಯಸ್ಸು, ಎತ್ತರ, ಮೈಕಟ್ಟು, ಮೈಬಣ್ಣ, ಮೀಸೆ, ಉಡುಪುಗಳಲ್ಲಿ ಆರೋಪಿಯನ್ನು ಹೋಲಬೇಕು. ಬಾಂಬೆ ಹೈಕೋರ್ಟಿನ ಕ್ರಿಮಿನಲ್ ಮ್ಯಾನ್ಯುಯಲ್ ಪ್ರಕಾರ ಒಬ್ಬ ಆರೋಪಿಗೆ ಕನಿಷ್ಠ ಆರು ಮಂದಿ, ಇಬ್ಬರಿದ್ದರೆ 10ರಿಂದ 12. ಆರೋಪಿಯ ಹಣೆಯಲ್ಲಿ ಗಾಯದ ಗುರುತಿದ್ದರೆ ಎಲ್ಲರ ಹಣೆಗೂ ಒಂದೇ ತರಹದ ಪಟ್ಟಿ ಅಂಟಿಸುವುದು ಒಂದು ಉಪಾಯ. ಪ್ರತಿ ಸಾಕ್ಷಿ ಬಂದುಹೋದ ಮೇಲೆ ಜಾಗ ಬದಲಿಸಲು ಆರೋಪಿಗೆ ಅವಕಾಶ ಕೊಡಬೇಕು. ನೋಡಿ ಮುಗಿಸಿದ ಸಾಕ್ಷಿ, ಕಾಯುತ್ತಿರುವ ಸಾಕ್ಷಿಯ ಜೊತೆ ಸೇರಬಾರದು.

ಎಲ್ಲಿ ಕೆಡುತ್ತದೆ, ಏಕೆ

ಮೊದಲ ತೊಡಕು, ಸಾಲಿನೊಳಗೇ ಹೋಲಿಸಿ ಆರಿಸುವುದು. ನಿಜವಾದ ಅಪರಾಧಿ ಅಲ್ಲಿ ಇಲ್ಲದಿದ್ದರೂ, ಇರುವವರಲ್ಲಿ ಯಾರು ಹೆಚ್ಚು ಹೋಲುತ್ತಾರೋ ಅವರತ್ತ ಕೈ ಹೋಗುತ್ತದೆ. ಪೊಲೀಸರು ಕರೆಸಿದ್ದಾರೆಂದರೆ ಅವನು ಇದ್ದೇ ಇರಬೇಕು ಎಂದು ಸಾಕ್ಷಿ ನಂಬಿರುತ್ತಾನೆ. ಆದ್ದರಿಂದಲೇ 'ಆ ವ್ಯಕ್ತಿ ಈ ಸಾಲಿನಲ್ಲಿ ಇರಬಹುದು, ಇಲ್ಲದಿರಲೂಬಹುದು' ಎಂದು ಮೊದಲೇ ಹೇಳುವುದು ಬಹಳ ಅಗತ್ಯ. ಒಂದೇ ವಾಕ್ಯ, ಖರ್ಚಿಲ್ಲ. ಆದರೂ ಬಿಟ್ಟುಹೋಗುವುದು ಇದೇ.

ಎರಡನೆಯದು ಫೋಟೋ. ಸಾಕ್ಷಿಗೆ ಮೊದಲೇ ಫೋಟೋ ತೋರಿಸಿದ್ದರೆ, ಪರೇಡ್‌ನಲ್ಲಿ ಅವನು ಗುರುತಿಸುವುದು ಕೃತ್ಯದ ದಿನ ಕಂಡ ಮುಖವನ್ನೋ ಫೋಟೋದಲ್ಲಿ ಕಂಡ ಮುಖವನ್ನೋ, ಅವನಿಗೇ ತಿಳಿಯದು. ಮುಖ ಪರಿಚಿತ ಅನಿಸುವುದು ಉಳಿಯುತ್ತದೆ, ಎಲ್ಲಿ ಕಂಡದ್ದು ಎಂಬುದು ಅಳಿಯುತ್ತದೆ. ಆರೋಪಿ ಸಿಕ್ಕಿರುವಾಗ ಮುಂಚಿತವಾಗಿ ಫೋಟೋ ತೋರಿಸಕೂಡದೆಂದು ಡಿ. ಗೋಪಾಲಕೃಷ್ಣನ್ ವಿರುದ್ಧ ಸದಾನಂದ ನಾಯಕ್ (2004) ತೀರ್ಪು ಹೇಳಿದ್ದು ಈ ಕಾರಣಕ್ಕೆ.

ಅಮೆರಿಕದ ನಾರ್ತ್ ಕೆರೊಲಿನಾದ ರೊನಾಲ್ಡ್ ಕಾಟನ್ ಪ್ರಕರಣದಲ್ಲಿ ಇದು ಹೆಜ್ಜೆಹೆಜ್ಜೆಗೂ ಕಾಣುತ್ತದೆ. 1984ರಲ್ಲಿ ಅತ್ಯಾಚಾರಕ್ಕೊಳಗಾದ ಯುವತಿ ಫೋಟೋಗಳಿಂದ ಅವನನ್ನು ಆರಿಸಿದಳು. ಆಮೇಲಿನ ಸಾಲಿನಲ್ಲಿ ಆ ಫೋಟೋಗಳ ಗುಂಪಿನಿಂದ ಬಂದಿದ್ದವನು ಅವನೊಬ್ಬನೇ. ಅವಳು ಅವನನ್ನೇ ತೋರಿಸಿದಾಗ, ಫೋಟೋದಲ್ಲಿ ಆರಿಸಿದ್ದೂ ಇವನನ್ನೇ ಎಂದು ಪೊಲೀಸರು ತಿಳಿಸಿದರು. 1987ರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ಎದುರಿಗೆ ತಂದರೂ ಅವಳಿಗೆ ಗುರುತು ಹತ್ತಲಿಲ್ಲ. ನೆನಪಿನಲ್ಲಿ ಆ ಮುಖದ ಜಾಗದಲ್ಲಿ ಕಾಟನ್ ಕೂತುಬಿಟ್ಟಿದ್ದ. 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಅವನು ಬಿಡುಗಡೆಯಾದ, ಹತ್ತು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿ ಕಳೆದ ಮೇಲೆ.

ಪೊಲೀಸರ ಆ ಮಾತು ಸಣ್ಣದಲ್ಲ. ತಪ್ಪು ವ್ಯಕ್ತಿಯನ್ನು ಆರಿಸಿದವರಿಗೆ 'ಸರಿಯಾಗಿ ಗುರುತಿಸಿದಿರಿ' ಎಂದರೆ ಅವರ ಆತ್ಮವಿಶ್ವಾಸ ಏರುವುದಷ್ಟೇ ಅಲ್ಲ, 'ಘಟನೆಯನ್ನು ಚೆನ್ನಾಗಿ ನೋಡಿದ್ದೆ, ಗಮನವಿಟ್ಟಿದ್ದೆ' ಎಂದೂ ಹೇಳತೊಡಗುತ್ತಾರೆಂದು ಮನೋವಿಜ್ಞಾನಿಗಳಾದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ 1998ರಲ್ಲಿ ತೋರಿಸಿದರು. ಪರಿಹಾರ ಎರಡು. ಆರೋಪಿ ಯಾರೆಂದು ಪರೇಡ್ ನಡೆಸುವವರಿಗೇ ತಿಳಿದಿರಬಾರದು. ಗುರುತಿಸಿದ ಕ್ಷಣದಲ್ಲೇ ಸಾಕ್ಷಿಗೆ ಎಷ್ಟು ಖಾತ್ರಿಯಿದೆ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಕಲಂ 54ರಲ್ಲಿ ಇವೆರಡರ ಪ್ರಸ್ತಾಪವೂ ಇಲ್ಲ. ನಮ್ಮ ಕಾನೂನಿನ ದೊಡ್ಡ ಕೊರತೆ ಇದೇ ಎಂದು ಧೈರ್ಯವಾಗಿ ಬರೆಯಬಹುದು.

ವಿಳಂಬದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನ ಕಳೆದಂತೆ ಮುಖ ಮಸುಕಾಗುತ್ತದೆ, ಟಿವಿ, ಪತ್ರಿಕೆ, ಮೊಬೈಲ್‌ಗಳಲ್ಲಿ ಆರೋಪಿಯನ್ನು ನೋಡುವ ಸಾಧ್ಯತೆ ಹೆಚ್ಚುತ್ತದೆ.

ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ

ಪರೇಡ್‌ನ ಗುರುತಿಸುವಿಕೆ ಮೂಲ ಸಾಕ್ಷ್ಯವಲ್ಲ. ನ್ಯಾಯಾಲಯದಲ್ಲಿ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಬೆಂಬಲ ಮಾತ್ರ. ಪರೇಡ್ ನಡೆಸದಿದ್ದ ಮಾತ್ರಕ್ಕೆ ಮೊಕದ್ದಮೆ ಬೀಳುವುದಿಲ್ಲ (ಮಲ್ಖಾನ್‌ಸಿಂಗ್ ವಿರುದ್ಧ ಮಧ್ಯಪ್ರದೇಶ ರಾಜ್ಯ, 2003). ಇಲ್ಲಿ ಎರಡು ಶಾಸ್ತ್ರಗಳೂ ಎದುರುಬದುರು ನಿಲ್ಲುತ್ತವೆ. ಕಟಕಟೆಯಲ್ಲಿ ಒಬ್ಬನೇ ನಿಂತಿರುವಾಗ ಅವನತ್ತ ಬೆರಳು ತೋರಿಸಲು ನೆನಪೇ ಬೇಕಿಲ್ಲ. ಮನೋವಿಜ್ಞಾನದ ಲೆಕ್ಕದಲ್ಲಿ ಅತಿ ದುರ್ಬಲ ಗುರುತಿಸುವಿಕೆ ಅದು. ಈ ವಿರೋಧವನ್ನು ಎತ್ತಿ ತೋರಿಸಿದ ಉತ್ತರಕ್ಕೆ ತೂಕ ಹೆಚ್ಚು.

ಸಮಸ್ಯೆ ಕೊಟ್ಟಿದ್ದರೆ ಮೊದಲು ನಾಲ್ಕು ದಿನಾಂಕಗಳನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ: ಕೃತ್ಯ, ಬಂಧನ, ಪರೇಡ್, ನ್ಯಾಯಾಲಯದ ಸಾಕ್ಷ್ಯ. ಬಂಧನಕ್ಕೂ ಪರೇಡ್‌ಗೂ ನಡುವೆ ಆರೋಪಿಯ ಮುಖ ಎಲ್ಲೆಲ್ಲಿ ಬಯಲಾಯಿತು ಎಂದು ಹುಡುಕಿ. ಪ್ರಶ್ನೆ ಹೆಣೆದವರು ಸುಳಿವನ್ನು ಹೆಚ್ಚಾಗಿ ಅಲ್ಲಿಯೇ ಇಟ್ಟಿರುತ್ತಾರೆ.